ಎರಡು ಕಡ್ಡಿ ಸಿಗ್ನಲ್ಲು

ಶಾಲೆಯಲ್ಲಿ ಒಂದೇ ಕಡ್ಡಿ, ಅದೂ ಧ್ವಜದ ಕಟ್ಟೆ ಹತ್ತಿ ನಿಂತರೆ.
ಮರಡಿಹಳ್ಳಿಯ ಈ ದಿಣ್ಣೆಗೆ ಎರಡು.
ಹಾಗಾಗಿ ಒಂಬತ್ತನೇ ಕ್ಲಾಸಿನ ಭೂಗೋಳ
ಈ ಗುರುವಾರ ಇಲ್ಲಿಗೆ ನಡೆದು ಬಂದಿದೆ:
ಚಪ್ಪಲಿಯವರು ಹನ್ನೊಂದು ಜನ, ಬರಿಗಾಲ ಕಾಟಲಿಂಗ,
ಅರವತ್ತೆರಡು ಪರ್ಸೆಂಟಿನ ನನ್ನ ಫೋನು.

ಹೆಸರು ಹೇಳಲು ನಾಲಗೆ ತೊಡರುವ ಯಾವುದೋ ದ್ವೀಪದಲ್ಲಿ
ಮೊನ್ನೆಯಿಂದ ಬೆಟ್ಟ ಬಾಯಿ ಬಿಟ್ಟಿದೆ.
ಯಾರೋ ಪುಣ್ಯಾತ್ಮರು ಅದರೆದುರು ಕ್ಯಾಮೆರಾ ನಿಲ್ಲಿಸಿ
ಲೋಕಕ್ಕೆಲ್ಲ ಬಿಟ್ಟಿ ತೋರಿಸುತ್ತಿದ್ದಾರೆ.
ಅಲ್ಲಿ ಈಗ ನಡುರಾತ್ರಿ. ಇಲ್ಲಿ ಹನ್ನೊಂದೂವರೆ.
ಗೇಣುದ್ದದ ಗಾಜಿನ ಮೇಲೆ ಹನ್ನೆರಡು ತಲೆ ಬಾಗಿ
ನೆರಳು ಮಾಡಿವೆ, ನನ್ನ ಸೆರಗೂ ಸೇರಿ.

ಕೆಂಪು ಇಳಿಯುತ್ತಿದೆ. ಅವಸರವಿಲ್ಲ ಅದಕ್ಕೆ.
ಹದಕ್ಕೆ ಬಂದ ಬೆಲ್ಲದ ಪಾಕ ಸೌಟಿನಿಂದ ಇಳಿದಂತೆ.
ಕಡಲು ಮುಟ್ಟಿದಲ್ಲಿ ಬಿಳಿ ಹೊಗೆ.
"ಸೌಂಡಿಲ್ವಾ ಮಿಸ್?" ದಾದಾಪೀರ್ ಕೇಳಿದ.
ಇಲ್ಲ. ಹೆದ್ದಾರಿಯ ಲಾರಿ, ದೂರದ ಗುಡ್ಡದಲ್ಲಿ ತಿರುಗುವ ಫ್ಯಾನು, ಅಷ್ಟೇ.

ಇನ್ನೊಂದು ಪುಟ ತೆಗೆದೆ. ಭೂಮಿ ನಡುಗಿದಲ್ಲೆಲ್ಲ ಚುಕ್ಕಿ,
ಗಂಟೆಯ ಹಿಂದಿನದು ಕೆಂಪು, ನಿನ್ನೆಯದು ಹಳದಿ,
ಪೆಸಿಫಿಕ್ಕಿನ ಅಂಚಿಗೆಲ್ಲ ದಡಾರ ಎದ್ದಂತೆ.
ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಬಂದರು
ಹಿರಿಯೂರಿನ ತನಕ, ಐಮಂಗಲದ ತನಕ.
ಒಂದೂ ಚುಕ್ಕಿಯಿಲ್ಲ.

ಉಪಗ್ರಹದ ಚಿತ್ರದಲ್ಲಿ ಓಬಕ್ಕ ತನ್ನ ಮನೆಯ ಶೀಟು ಹುಡುಕಿದಳು.
ಅದು ಎರಡು ವರ್ಷ ಹಳೆಯ ಚಿತ್ರ:
ಹೋದ ಸಲ ಕಡಿದ ಬೇವಿನಮರ
ಅದರೊಳಗೆ ಇನ್ನೂ ನಿಂತಿದೆ, ನೆರಳು ಸಮೇತ.

ಪಾಲಾಕ್ಷನಿಗೆ ಸೊನ್ನೆ ಬಂದಷ್ಟು ಬೇಜಾರು.
"ನಮ್ಮ ಕಡೆ ಏನೂ ಆಗಲ್ಲ ಬಿಡಿ ಮಿಸ್. ಬರೀ ಬಿಸಿಲು."

ನಾನು ಕಾದಿದ್ದೇ ಈ ಮಾತಿಗೆ.
ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೆ
ಇಷ್ಟು ಕಪಟವಾದರೂ ಬರಬೇಡವೆ.
"ಎಲ್ಲಿ ಕೂತಿದ್ದೀಯ, ನೋಡು" ಅಂದೆ.

ಅವನು ಕೂತದ್ದು ಮುದ್ದೆಯ ಮೇಲೆ.
ಹಸಿರುಬೂದಿ ಬಣ್ಣದ ಕಲ್ಲುಮುದ್ದೆ, ಅದಕ್ಕೊತ್ತಿ ಇನ್ನೊಂದು,
ಅವುಗಳ ಸಂದಿಗೆ ತಳ ಇಳಿಬಿಟ್ಟ ಮತ್ತೊಂದು,
ಮದುವೆಮನೆಯ ಅಡಿಗೆಯವರು ಕಟ್ಟಿ ಕಟ್ಟಿ ಪೇರಿಸಿ
ಉಣ್ಣುವವರು ಬಾರದೆ ಬಿಟ್ಟುಹೋದ ಹಾಗೆ.
ಸರ್ಕಾರದ ಬೋರ್ಡಿನಲ್ಲಿ ಇದಕ್ಕೆ ದಿಂಬು ಅಂತ ಹೆಸರು.
ಇರಲಿ, ನಮಗೆ ಮುದ್ದೆ.
ಸವರಿ ತೋರಿಸಿದೆ: ಇದು ಚಿಪ್ಪು, ತಣ್ಣೀರು ತಾಕಿ ಮೊದಲು ಬಿಗಿದದ್ದು.
ಒಳಗಿನ್ನೂ ಬೆಂಕಿ. ಚಿಪ್ಪು ಸೀಳಿತು, ಮರಿ ಹಾಕಿತು, ಮರಿಯೂ ಬಿಗಿಯಿತು.
ಇನ್ನೂರೈವತ್ತು ಕೋಟಿ ವರ್ಷ, ಹೆಚ್ಚುಕಡಿಮೆ.
ನೀವು ಕೂತಿರುವುದು ಕಡಲ ತಳದಲ್ಲಿ.

ಯಾರೂ ನಗಲಿಲ್ಲ.
ಬೋರಮ್ಮ ಸುತ್ತ ನೋಡಿದಳು. ಜಾಲಿ. ಒಣಹುಲ್ಲು. ಯಾರದೋ ಎರಡು ಕುರಿ.
"ಅಷ್ಟು ನೀರು ಎಲ್ಲಿಗೆ ಹೋಯ್ತು ಮಿಸ್?"

ಉತ್ತರ ಇದೆ ನನ್ನ ಹತ್ತಿರ, ಪುಸ್ತಕದ್ದು, ಎರಡು ಪ್ಯಾರಾ.
ಹೇಳಿದೆ. ಕೇಳಿಸಿಕೊಂಡಳು.
ಅವಳು ಕೇಳಿದ್ದು ಅದಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ಫೋನು ಮತ್ತೆ ದ್ವೀಪಕ್ಕೆ ಹೋಯಿತು, ಹೋಗಿ ನಿಂತಿತು.
ಕಡ್ಡಿ ಒಂದಾಗಿದೆ.
ನೀರಿಗೆ ಇನ್ನೊಂದು ಮಾರು ಇರುವಂತೆಯೇ
ಲಾವಾ ಅರ್ಧ ಬಾಗಿ ಹಾಗೇ ಉಳಿದಿದೆ,
ನಡುವೆ ಒಂದು ಬಳೆ ಸುತ್ತುತ್ತ, ಸುತ್ತುತ್ತ.
"ಸಿಕ್ಕಾಕ್ಕೊಂಡ್ತು," ಅಂದ ಕಾಟಲಿಂಗ.
ಆಮೇಲೆ ಹಿಮ್ಮಡಿಯಿಂದ ಕಲ್ಲು ತಟ್ಟಿ,
"ಇದೂ ಹಿಂಗೇ ಸಿಕ್ಕಾಕ್ಕೊಂಡೈತೆ."

ಅಷ್ಟರಲ್ಲಿ ಓಬಕ್ಕನ ಅಜ್ಜಿ ಮೊರ ಹಿಡಿದು ಮೇಲೆ ಬಂದಳು.
ಆ ಕಡೆಯ ಮುದ್ದೆಗಳ ಮೇಲೆ ಅವಳ ಹುಣಸೆಹಣ್ಣು ಹರಡಿದೆ,
ಮಗುಚಿ ಹಾಕಬೇಕು.
"ಏಳ್ರೋ, ಏಳ್ರಿ. ಎಷ್ಟೊತ್ತಂತ ಕೂರ್ತೀರ ಅದರ ಮ್ಯಾಲೆ,
ಕಾದೈತೆ ಅದು."

ಎಲ್ಲರೂ ಎದ್ದರು.
ಪಾಲಾಕ್ಷ ಮಾತ್ರ ತಿರುಗಿ ಬಗ್ಗಿ
ತಾನು ಕೂತಿದ್ದ ಜಾಗದ ಪಕ್ಕಕ್ಕೆ ಅಂಗೈ ಇಟ್ಟ,
ತಟ್ಟನೆ ತೆಗೆದ.